ಬದುವಿನ ಮೇಲಿನ ಕಾಲುದಾರಿ

ಬಿದರಕಟ್ಟೆಯಲ್ಲಿ ದಾರಿಗಳ ಹೆಸರಿಗೇನೂ ಬರವಿರಲಿಲ್ಲ. ಗಾಡಿ ಹೋದರೆ ಅದು ಬಂಡಿ ಜಾಡು, ದನ ಹೋದರೆ ಓಣಿ, ಸಾಲ ಕೊಟ್ಟವನ ಕಣ್ಣು ತಪ್ಪಿಸಿ ಹೋದರೆ ಕಳ್ಳದಾರಿ. ಬರೀ ಕಾಲು ಹೋಗುವುದು ಕಾಲುದಾರಿ. ಇದನ್ನು ಯಾರೂ ಗುದ್ದಲಿ ಹಿಡಿದು ಮಾಡಿದ್ದಲ್ಲ. ನಾಲ್ಕು ಜನ ನಾಲ್ಕು ವರ್ಷ ಒಂದೇ ಕಡೆ ಹೆಜ್ಜೆ ಇಟ್ಟರೆ ಹುಲ್ಲು ತಾನಾಗಿ ಸಾಯುತ್ತದೆ, ದಾರಿ ಹುಟ್ಟುತ್ತದೆ. ಶಾಂತಿಗ್ರಾಮದಲ್ಲಿ ಬಸ್ಸಿಳಿದು ಬಂದವರು ಬಿದರಕಟ್ಟೆ ಎಷ್ಟು ದೂರವೆಂದು ಕೇಳಿದರೆ, ಜಾಡು ಹಿಡಿದರೆ ಎರಡು ಮೈಲಿ, ಕಾಲ್ದಾರಿ ಹಿಡಿದರೆ ಒಂದು ಬೀಡಿ ಸೇದುವಷ್ಟು ಎನ್ನುತ್ತಿದ್ದರು. ಆದರೆ ಆ ಕಾಲು ಯಾರ ಕಾಲು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವುದೇನು, ಎಲ್ಲರಿಗೂ ಗೊತ್ತಿದ್ದದ್ದೇ.

ಅದನ್ನು ಕೇಳುವವನೊಬ್ಬ ಅರವತ್ತೊಂದನೇ ಇಸವಿಯ ಮಾಘ ಮಾಸದಲ್ಲಿ ಬಂದ. ಅವನಿಗೆ ಉತ್ತರ ಹೇಳಬೇಕಾಗಿ ಬಂದದ್ದು ಕುಳವಾಡಿ ಚಲುವಯ್ಯನಿಗೆ.

ಚಲುವಯ್ಯನ ವಿಷಯ ಸ್ವಲ್ಪ ಹೇಳಬೇಕು. ಊರಾಚೆಯ ಕೇರಿಯಲ್ಲಿ ಇಪ್ಪತ್ತೆರಡು ಗುಡಿಸಲುಗಳಿದ್ದವು. ಅದರಲ್ಲಿ ಕುಳವಾಡಿಯ ಮನೆತನ ಅವನದು. ಕುಳವಾಡಿ ಎಂದರೆ ಊರಿನ ಚಾಕರಿಯವನು. ತಮಟೆ ಬಡಿದು ಊರಿಗೆ ಸಾರು ಹಾಕುವುದು, ಸತ್ತ ಸುದ್ದಿ ಮುಟ್ಟಿಸುವುದು, ಕಣ ಕಾಯುವುದು, ಊರಿನವರು ಕೇರಿಯವರಿಗೆ ವಿಧಿಸಿದ ಶಿಕ್ಷೆಯನ್ನು ತನ್ನ ಕೈಯಾರೆ ಮಾಡುವುದು, ಎಲ್ಲ ಅವನ ಪಾಲಿಗೆ. ಬೈಗುಳವೂ ಅವನ ಪಾಲಿಗೇ. ಆದರೆ ಒಂದು ವಿಷಯದಲ್ಲಿ ಮಾತ್ರ ಇಡೀ ಊರು ಅವನ ಮುಂದೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿತ್ತು. ಎಲ್ಲೆಯ ಜಗಳ ಬಂದಾಗ ಕುಳವಾಡಿಯೇ ಸಾಕ್ಷಿ. ಹಸಿ ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತು ಅವನು ನಡೆಯಬೇಕು. ಅವನು ನಡೆದದ್ದೇ ಎಲ್ಲೆ. ಸುಳ್ಳು ಹೆಜ್ಜೆ ಇಟ್ಟರೆ ತಲೆ ಮೇಲಿನ ಮಣ್ಣು ಒಡೆದು ಬೀಳುತ್ತದೆ, ಅವನ ವಂಶ ನಿರ್ವಂಶವಾಗುತ್ತದೆ ಎಂಬ ನಂಬಿಕೆ. ಚಲುವಯ್ಯನ ತಾತ ಹೊತ್ತಿದ್ದ, ಅಪ್ಪ ಹೊತ್ತಿದ್ದ, ಅವನೂ ಎರಡು ಸಲ ಹೊತ್ತಿದ್ದ. ಒಂದು ಸಲವೂ ಮಣ್ಣು ಬಿರುಕು ಬಿಟ್ಟಿರಲಿಲ್ಲ. ಹರದನಹಳ್ಳಿಗೆ ಮಗಳನ್ನು ಕೊಡುವಾಗ ಅವನು ಬೀಗರಿಗೆ ಹೇಳಿಕೊಂಡದ್ದು ಇದೊಂದನ್ನೇ. ಹೇಳಿಕೊಳ್ಳಲು ಬೇರೆ ಏನೂ ಇರಲೂ ಇಲ್ಲ.

ಇನ್ನು ದಾರಿಯ ಸಂಗತಿ. ಕೇರಿಗೂ ಆಚೆಯ ಗೋಮಾಳಕ್ಕೂ ನಡುವೆ ನಂಜಪ್ಪನವರ ದೊಡ್ಡ ಹೊಲ. ಹೊಲದ ಅಂಚಿಗೆ ಆಳೆತ್ತರದ ಬದು, ಕೆಮ್ಮಣ್ಣು ಹಾಕಿ ಕಟ್ಟಿದ್ದು. ಅದರ ಮೇಲೊಂದು ಕಾಲುದಾರಿ. ಬದುವಿನ ಕೆಳಗೆ ಕೆರೆಕೋಡಿಯ ನೀರು ಹರಿಯುವ ಕಾಲುವೆ, ಮೊಳಕಾಲುದ್ದ ಕಪ್ಪು ಕೆಸರು, ಎರಡೂ ಕಡೆ ಕಾರೆ ಮುಳ್ಳು. ಬಹಳ ಕಾಲದಿಂದ ಊರಿನವರು ಬದುವಿನ ಮೇಲೆ, ಕೇರಿಯವರು ಕಾಲುವೆಯಲ್ಲಿ. ಮೊದಲೆಲ್ಲ ಊರಿನವರು ಎದುರಾದಾಗ ಮಾತ್ರ ಕೆಳಗಿಳಿಯಬೇಕಿತ್ತು. ಇಳಿಯುವುದು ತಡವಾಯಿತೆಂದು ಒಂದೆರಡು ಸಲ ಹೊಡೆತ ಬಿದ್ದ ಮೇಲೆ ಚಲುವಯ್ಯನ ಅಪ್ಪನೇ ಒಂದು ಉಪಾಯ ಮಾಡಿದ. ಯಾವಾಗಲೂ ಕೆಳಗೇ ನಡೆದರೆ ಇಳಿಯುವ ತಾಪತ್ರಯವೇ ಇಲ್ಲವಲ್ಲ. ಬಹಳ ಜಾಣ ಮುದುಕ. ಇಂಥ ಜಾಣತನದಿಂದಲೇ ಆ ಕೇರಿ ಅಷ್ಟು ವರ್ಷ ಬದುಕಿತ್ತು.

ಐವತ್ತೇಳರಲ್ಲಿ ಸರ್ಕಾರದವರು ಕೇರಿಗೆಂದು ಬಾವಿ ತೋಡಿಸಿದರು. ಕೇರಿಯಲ್ಲಿ ಜಾಗವಿಲ್ಲವೆಂದು ಗೋಮಾಳದಲ್ಲಿ ತೋಡಿಸಿದರು. ಸಿಹಿನೀರು, ಕಲ್ಲು ಕಟ್ಟಿದ ಬಾಯಿ. ಅದಕ್ಕೂ ಮೊದಲು ಹೆಂಗಸರು ದನ ಮೀಯುವ ಕಡೆ ಒರತೆ ತೋಡಿ ಬಟ್ಟೆಯಲ್ಲಿ ಸೋಸಿ ತರುತ್ತಿದ್ದರು. ಪ್ರತಿ ಬೇಸಿಗೆಯಲ್ಲಿ ಒಂದೆರಡು ಮಕ್ಕಳು ವಾಂತಿಭೇದಿಯಲ್ಲಿ ಹೋಗುತ್ತಿದ್ದವು. ಬಾವಿ ಬಂದ ಮೇಲೆ ನಾಲ್ಕು ಬೇಸಿಗೆ ಯಾವ ಮಗುವೂ ಸತ್ತಿರಲಿಲ್ಲ. ಆ ಬಾವಿಗೆ ಹೋಗುವುದು ಈ ಬದುವಿನ ಬುಡದಿಂದ. ಇಲ್ಲದಿದ್ದರೆ ಕೆರೆ ಏರಿ ಸುತ್ತಿ ಒಂದೂವರೆ ಮೈಲಿ, ತುಂಬಿದ ಕೊಡ ಹೊತ್ತು ಮತ್ತೆ ಒಂದೂವರೆ ಮೈಲಿ.

ತುಂಬಿದ ಕೊಡ ಹೊತ್ತು ಕೆಸರಿನಲ್ಲಿ ನಡೆಯುವುದು ಎಷ್ಟು ಕಷ್ಟವೋ ನಡೆದವರಿಗೇ ಗೊತ್ತು. ಆದ್ದರಿಂದ ನಸುಕಿನಲ್ಲಿ, ಊರಿನವರು ಏಳುವ ಮುಂಚೆ, ಹೆಂಗಸರು ಬದುವಿನ ಮೇಲೆಯೇ ಬರುತ್ತಿದ್ದರು. ಕೇರಿಯ ಒಬ್ಬರೂ ಇದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಚಲುವಯ್ಯನ ಹೆಂಡತಿ ಮುದ್ದಮ್ಮನೂ ಹಾಗೇ ಬರುತ್ತಿದ್ದಳು. ಕಾಲುವೆಯಲ್ಲಿ ಬಂದಿದ್ದರೆ ಪಾದ ಕಪ್ಪಗಿರಬೇಕಿತ್ತು. ಅವಳ ಪಾದ ಕೆಂಪಗಿರುತ್ತಿತ್ತು. ಚಲುವಯ್ಯ ಬೀಡಿ ಹಚ್ಚಿಕೊಂಡು ಅದನ್ನು ನೋಡುತ್ತಿದ್ದ, ಕೇಳುತ್ತಿರಲಿಲ್ಲ. ಅವಳು ಅವನ ಮುಂದೆಯೇ ಕಾಲು ತೊಳೆದುಕೊಂಡು ಒಳಗೆ ಹೋಗುತ್ತಿದ್ದಳು. ಗಂಡಹೆಂಡಿರ ನಡುವೆ ಇದ್ದ ಸರಸವೆಂದರೆ ಅಷ್ಟೇ, ಆದರೆ ಅದು ಇತ್ತು.

ಅರವತ್ತರಲ್ಲಿ ನಂಜಪ್ಪನವರು ಹೊಲದಲ್ಲಿ ತೆಂಗಿನ ತೋಟ ಎಬ್ಬಿಸಲು ಹೊರಟರು. ನೀರೆತ್ತುವ ಇಂಜಿನ್ ತರಿಸಿದರು. ಸುತ್ತ ಬೇಲಿ ಹಾಕಬೇಕು, ಆದರೆ ಬದುವಿನ ಮೇಲೆ ಕಾಲುದಾರಿ ಇದೆ. ಊರಿನವರಿಗೆ ಬಸವಣ್ಣನ ಗುಡಿಗೆ ಹೋಗಲು ಬೇರೆ ಕಡೆ ದಾರಿ ಬಿಟ್ಟುಕೊಡುತ್ತೇನೆಂದು ಹೇಳಿ ಅವರ ಬಾಯಿ ಮುಚ್ಚಿಸಿದರು. ಕೇರಿಯವರ ಬಾಯಿ ಮುಚ್ಚಿಸುವ ಅಗತ್ಯ ಅವರಿಗೆ ಕಾಣಲಿಲ್ಲ. ಹಾಸನಕ್ಕೆ ಹೋಗಿ, ಅದು ನನ್ನ ಸ್ವಂತ ಬದು, ದಾರಿಯಲ್ಲ ಎಂದು ಅರ್ಜಿ ಕೊಟ್ಟು ಬಂದರು. ಹೀಗೆ ಅಳತೆಗೆ ಬಂದವನು ಸರ್ವೆಯ ಗಂಗಯ್ಯ.

ಗಂಗಯ್ಯ ಮೂವತ್ತು ದಾಟದ ಹುಡುಗ. ಇಸ್ತ್ರಿ ಮಾಡಿದ ಅಂಗಿ, ಕೈಗಡಿಯಾರ, ಅರಕಲಗೂಡಿನ ಕಡೆಯವನು. ನಂಜಪ್ಪನವರ ಮನೆಯಲ್ಲಿ ಊಟಕ್ಕೆ ಕರೆದರೆ ಹೊಟ್ಟೆ ಸರಿಯಿಲ್ಲವೆಂದು ಹೇಳಿ, ಸ್ಕೂಲಿನ ಜಗಲಿಯಲ್ಲಿ ಕೂತು ತಾನೇ ತಂದಿದ್ದ ಬುತ್ತಿ ಉಂಡ. ಅವನೂ ಅರಕಲಗೂಡಿನ ಒಂದು ಕೇರಿಯಲ್ಲಿ ಹುಟ್ಟಿ ಓದಿ ಬಂದವನೆಂದು ಆ ದಿನ ಯಾರಿಗೂ ಗೊತ್ತಿರಲಿಲ್ಲ. ಚಲುವಯ್ಯನಿಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಬಂದ ದಿನ ಸಾಯಂಕಾಲ ಗಂಗಯ್ಯ ಕೇರಿಯ ಮಾರಿಗುಡಿಯ ಮುಂದೆ ನಿಂತು ಎಲ್ಲರಿಗೂ ಬಿಡಿಸಿ ಹೇಳಿದ. ಹೊಲದ ಯಜಮಾನ ಒಬ್ಬನೇ ನಡೆದರೆ ಅದು ಬರೀ ಬದು. ಬೇರೆಯವರೂ ಅದರ ಮೇಲೆ ನಡೆದು ಒಂದು ಕಡೆ ಹೋಗಿಬರುತ್ತಾರೆ ಎಂದರೆ ಅದು ಕಾಲುದಾರಿ. ಕಾಲುದಾರಿಯಾದರೆ ನಕ್ಷೆಯಲ್ಲಿ ಚುಕ್ಕೆ ಚುಕ್ಕೆ ಗೆರೆ ಬೀಳುತ್ತದೆ. ಆ ಚುಕ್ಕೆ ಬಿದ್ದ ಮೇಲೆ ಅದನ್ನು ಯಾರೂ ಉಳುವಂತಿಲ್ಲ, ಬೇಲಿ ಹಾಕುವಂತಿಲ್ಲ, ನಂಜಪ್ಪನವರಲ್ಲ, ಅವರಪ್ಪ ಬಂದರೂ ಅಷ್ಟೇ. ನಾಳೆ ನಿಮ್ಮಲ್ಲಿ ಒಬ್ಬರು ನಡೆಯುತ್ತೇವೆ ಎಂದು ಸಾಕ್ಷಿ ಹೇಳಿ, ನಾನು ಬರೆದುಕೊಳ್ಳುತ್ತೇನೆ, ಅಷ್ಟು ಸಾಕು ಎಂದ.

ಸಾಕ್ಷಿ ಯಾರೆಂದು ಕೇಳುವುದೇ ಬೇಕಿರಲಿಲ್ಲ. ನಂಜಪ್ಪನವರೇ ಮಧ್ಯಾಹ್ನ ಹೇಳಿಬಿಟ್ಟಿದ್ದರು. ನಮ್ಮೂರಿನ ಪದ್ಧತಿಯಂತೆ ಕುಳವಾಡಿ ಮಣ್ಣು ಹೊತ್ತು ನಡೆಯಲಿ, ಅವನು ಏನು ಹೇಳಿದರೂ ನಾನು ಕಟ್ಟುಬೀಳುತ್ತೇನೆ ಎಂದಿದ್ದರು. ಇದನ್ನು ಕೇಳಿ ಕೇರಿಗೆ ಹಬ್ಬವೇ ಬಂದಂತಾಯಿತು. ನಮ್ಮವನ ಬಾಯಿಗೇ ಬಿಟ್ಟುಬಿಟ್ಟರಲ್ಲ, ನಂಜಪ್ಪನವರಿಗೆ ಬುದ್ಧಿ ಮಂಕಾಗಿದೆ ಎಂದು ಮಾತಾಡಿಕೊಂಡರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಕಸುಬಿನಲ್ಲಿ ನಂಜಪ್ಪನವರು ಪಳಗಿದವರು ಎಂಬುದು ಆ ಗಳಿಗೆಯಲ್ಲಿ ಯಾರ ನೆನಪಿಗೂ ಬರಲಿಲ್ಲ.

ಮೂರು ಮಕ್ಕಳನ್ನು ಆ ಒರತೆ ನೀರಿಗೆ ಕಳೆದುಕೊಂಡಿದ್ದ ವಿಧವೆ ಹೊನ್ನಕ್ಕ ಚಲುವಯ್ಯನ ಬಳಿ ಬಂದು ಕೂತಳು. ಅವಳು ಯಾರಿಗೂ ಹೆದರುವವಳಲ್ಲ.

"ಚಲುವಣ್ಣ, ಬ್ಯಾರೆ ಏನೂ ಬ್ಯಾಡ. ನಡೀತೀವಿ ಅನ್ನು. ಒಂದೇ ಮಾತು."

"ಅಂತೀನಿ ಕಣವ್ವಾ" ಎಂದ ಚಲುವಯ್ಯ. ಮುದ್ದಮ್ಮ ಒಲೆ ಮುಂದೆ ಕೂತವಳು ತಿರುಗಿ ಅವನ ಮುಖ ನೋಡಿದಳು. ಅವನು ಆಣೆಯಿಡುವಂತೆ ತಲೆಯಾಡಿಸಿದ.

ಮಾರನೆಯ ದಿನ ಬೆಳಗ್ಗೆ ನಂಜಪ್ಪನವರ ಆಳು ಕೆಂಪಣ್ಣ ಬಂದು ಧಣಿ ಕರೀತಾರೆ ಎಂದ. ಚಲುವಯ್ಯ ಹೋಗಿ ಅವರ ಮನೆಯ ಬಾಗಿಲಿನಾಚೆ ಕುಕ್ಕುರುಗಾಲಿನಲ್ಲಿ ಕೂತ. ನಂಜಪ್ಪನವರು ಹೆದರಿಸುತ್ತಾರೆ, ಬಯ್ಯುತ್ತಾರೆ ಎಂದು ಎಣಿಸಿಕೊಂಡು ಮನಸ್ಸು ಗಟ್ಟಿಮಾಡಿಕೊಂಡೇ ಬಂದಿದ್ದ. ಬೈದಿದ್ದರೆ ಬಹುಶಃ ಗೆದ್ದುಬಿಡುತ್ತಿದ್ದ. ಆದರೆ ಅವರು ಬಯ್ಯಲಿಲ್ಲ. ಎಲೆಯಡಿಕೆಯನ್ನು ಮೇಲಿನಿಂದ ಅವನ ಬೊಗಸೆಗೆ ಬಿಟ್ಟರು, ಮಗಳು ಬಸುರಿಯಂತಲ್ಲ ಎಂದು ವಿಚಾರಿಸಿದರು.

ಆಮೇಲೆ ಮೆಲ್ಲಗೆ ಹೇಳಿದರು. "ಸಾಕ್ಷಿ ಏಳೋವಾಗ ನಿಜಾನೇ ಏಳ್ಲಾ ಚಲುವ. ನನ್ನ ಮುಖ ನೋಡಬ್ಯಾಡ. ಯಾವನೋ ಬಂದು, ನಿಮ್ಮ ಕೇರಿ ಎಂಗಸ್ರು ಬದಿನ ಮ್ಯಾಲೆ ಅತ್ತಿ ಓಡಾಡ್ತಾವೆ, ನಿನ್ನ ಎಂಡ್ತೀನೂ ಅದ್ರಾಗವ್ಳೆ ಅಂತ ಚಾಡಿ ಏಳ್ದ. ನಾನು ನಂಬಲಿಲ್ಲ. ಕುಳವಾಡಿ ಮನೇಲಿ ಅಂಥಾ ನಡತೆಗೆಟ್ಟ ಕೆಲಸ ನಡೆಯಕ್ಕಿಲ್ಲ ಅಂದೆ. ಸರಿ ತಾನೆ?"

ಚಲುವಯ್ಯನ ಬಾಯಿಂದ, "ಎಲ್ಲಾರಾ ಉಂಟಾ ಬುದ್ದಿ" ಎಂಬ ಮಾತು ಅವನು ಆಡುವ ಮುಂಚೆಯೇ ಬಂದುಬಿಟ್ಟಿತು. ಊರಿನ ದೊಡ್ಡವರನ್ನು ಕೇರಿಯವರು ಕರೆಯುವುದೇ ಬುದ್ದಿ ಎಂದು. ನಲವತ್ತು ವರ್ಷದಿಂದ ಆ ಬಾಗಿಲಲ್ಲಿ ಅವನು ಆಡಿದ್ದು ಅದೊಂದೇ ಮಾತು. ಬಾಯಿಗೆ ಅದು ಬಿಟ್ಟರೆ ಬೇರೆ ಬರುತ್ತಿರಲಿಲ್ಲ.

ಕೆರೆಯಂಗಳದಿಂದ ಜೇಡಿಮಣ್ಣು ತಂದು, ನೀರು ಹಾಕಿ ನಾದಿ, ತೆಂಗಿನಕಾಯಿ ಗಾತ್ರದ ಹೆಂಟೆ ಮಾಡಿ, ಮಾರಿಯ ಮುಂದೆ ಇಟ್ಟು ಪೂಜೆ ಮಾಡಿ ಅವನ ತಲೆಯ ಮೇಲಿಟ್ಟರು. ಒಂದು ಕಡೆ ಊರಿನ ಹಿರಿಯರು, ದೂರದಲ್ಲಿ ಕೇರಿಯವರು. ಗಂಗಯ್ಯ ಅಳತೆಯ ಸರಪಣಿ ಹಿಡಿದವರನ್ನು ನಿಲ್ಲಿಸಿ, ಪುಸ್ತಕ ಬಿಚ್ಚಿಕೊಂಡು ಬದುವಿನ ಮೇಲೆ ನಿಂತಿದ್ದ. ಮಣ್ಣಿನ ನೀರು ಚಲುವಯ್ಯನ ಕಿವಿಯ ಹಿಂದೆ ಇಳಿಯುತ್ತಿತ್ತು. ಮನಸ್ಸಿನಲ್ಲಿ ಒಂದೇ ಜಪ: ನಡೀತೀವಿ, ನಡೀತೀವಿ, ನಡೀತೀವಿ.

ಬದು ಶುರುವಾಗುವ ಕಡೆ ಬಂದ. ಕಾಲೆತ್ತಿದ. ಕಾಲು ಕೆಳಗಿಳಿಯಿತು.

ಯಾರೂ ಹೇಳಿರಲಿಲ್ಲ, ಯಾರೂ ಗದರಿರಲಿಲ್ಲ. ಮೇಲೆ ಹತ್ತಬೇಕೆಂದೇ ಮನೆಯಿಂದ ಹೊರಟು ಬಂದವನು ಅವನು. ಆದರೆ ಐವತ್ತೈದು ವರ್ಷ ಕಾಲುವೆಗೆ ಇಳಿದ ಕಾಲು ಆ ದಿನವೂ ತನ್ನಷ್ಟಕ್ಕೆ ತಾನೇ ಕಾಲುವೆಗೆ ಇಳಿಯಿತು. ಕಪ್ಪು ಕೆಸರು ಪಾದ ಮುಳುಗಿಸಿತು. ತಲೆಯ ಮೇಲಿನ ಮಣ್ಣನ್ನು ಎರಡು ಕೈಯಲ್ಲಿ ಹಿಡಿದು ಅವನು ಹಾಗೇ ಹತ್ತು ಹೆಜ್ಜೆ ನಡೆದುಬಿಟ್ಟ.

ಗಂಗಯ್ಯ ಮೇಲಿನಿಂದ ಬಗ್ಗಿದ. "ಯಾಕೆ ಕೆಳಗೆ ಇಳಿದಿರಿ? ಮೇಲೆ ಬನ್ನಿ. ನೀವು ದಿನಾ ನಡೆಯೋ ಕಡೆ ನಡೀರಿ" ಎಂದ.

ಬನ್ನಿ, ನಡೀರಿ. ಚಲುವಯ್ಯನನ್ನು ಅಂಗಿ ಹಾಕಿದ ಮನುಷ್ಯನೊಬ್ಬ ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಅವನಿಗೆ ಸಂತೋಷವಾಗಲಿಲ್ಲ, ಭಯವಾಯಿತು. ಇದರಲ್ಲಿ ಏನೋ ಇದೆ ಎನಿಸಿತು. ಹೊಡೆಯುವವನ ಮರ್ಜಿ ಅವನಿಗೆ ಗೊತ್ತು, ಮರ್ಯಾದೆ ಕೊಡುವವನ ಮರ್ಜಿ ಗೊತ್ತಿಲ್ಲ. ಇದೇ ನಮ್ದು ಬುದ್ದಿ, ಇಲ್ಲೇ ಸರಿ ಎಂದು ಗೊಣಗಿದ.

ಗಂಗಯ್ಯ ಬಿಡಲಿಲ್ಲ. ಹೆಂಗಸರು ನೀರು ತರುವಾಗಲಾದರೂ ಮೇಲೆ ಬರುವುದಿಲ್ಲವೇ, ತುಂಬಿದ ಕೊಡ ಹೊತ್ತು ಈ ಕೆಸರಲ್ಲಿ ಹೇಗೆ ನಡೆಯುತ್ತಾರೆ ಎಂದು ಇನ್ನೊಮ್ಮೆ ಕೇಳಿದ. ಕಾನೂನು ಬಂದಿದೆ, ಯಾರೂ ಏನೂ ಮಾಡುವಂತಿಲ್ಲ, ಹೆದರಬೇಡಿ ಎಂದ. ಅವನ ದನಿಯಲ್ಲಿ ಬೇಡುವ ಸ್ವರವಿತ್ತು. ಚಲುವಯ್ಯ ತಲೆ ತಿರುಗಿಸುವಂತಿರಲಿಲ್ಲ, ಕಣ್ಣು ಮಾತ್ರ ಹೊರಳಿಸಿದ. ಒಂದು ಕಡೆ ನಂಜಪ್ಪನವರು ಬೇವಿನ ಕಡ್ಡಿ ಕಚ್ಚುತ್ತ ಆಕಾಶ ನೋಡುತ್ತಿದ್ದರು. ಇನ್ನೊಂದು ಕಡೆ ಮುದ್ದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಹೌದು, ನಡೀತಾರೆ ಎಂದರೆ ದಾರಿ ಉಳಿಯುತ್ತದೆ. ಆದರೆ ಯಾರು ನಡೆಯುತ್ತಾರೆ, ಹೆಸರು ಹೇಳು ಎಂದರೆ? ಮೊದಲ ಹೆಸರು ಅವಳದು. ನಾಳೆ ಈ ಅಂಗಿಯವನು ಬಸ್ಸು ಹತ್ತಿ ಹಾಸನಕ್ಕೆ ಹೋಗುತ್ತಾನೆ, ನಂಜಪ್ಪನವರು ಇಲ್ಲೇ ಇರುತ್ತಾರೆ. ನಡತೆಗೆಟ್ಟ ಕೆಲಸ ಎಂಬ ಮಾತು ಅವನ ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು.

ಮೂರನೆಯ ಸಲ ಗಂಗಯ್ಯ ಕೇಳಿದ್ದು ಸರ್ಕಾರಿ ಮಾತಿನಲ್ಲಿ. ಈ ಬದುವಿನ ಮೇಲೆ ನಿಮ್ಮ ಕೇರಿಯವರು ನಡೆಯುತ್ತಾರೋ ಇಲ್ಲವೋ, ಒಂದು ಮಾತಿನಲ್ಲಿ ಹೇಳಿ, ಬರೆದುಕೊಳ್ಳುತ್ತೇನೆ.

"ಅದ್ರ ಮ್ಯಾಕೆ ನಾವು ಕಾಲಿಕ್ಕಿಲ್ಲ ಬುದ್ದಿ" ಎಂದ ಚಲುವಯ್ಯ. "ನಮ್ಮಪ್ಪನ ಕಾಲ್ದಿಂದ್ಲೂ ಇಕ್ಕಿಲ್ಲ. ಮುಂದ್ಕೂ ಇಕ್ಕಕ್ಕಿಲ್ಲ."

ಹೇಳಿದವನೇ ಕಣ್ಣು ಮುಚ್ಚಿಕೊಂಡ. ಈಗ ಒಡೆಯುತ್ತದೆ ಎಂದುಕೊಂಡ. ಒಡೆಯಲಿ ಎಂದೂ ಅವನ ಒಳಗೊಂದು ಆಸೆ ಹುಟ್ಟಿತು. ಮಣ್ಣು ಒಡೆದು ಬಿದ್ದರೆ ತಾನು ಸುಳ್ಳು ಹೇಳಿದ್ದು ಎಲ್ಲರಿಗೂ ತಿಳಿಯುತ್ತದೆ, ದಾರಿ ಉಳಿಯುತ್ತದೆ, ತನ್ನ ವಂಶ ಹಾಳಾದರೆ ಆಗಲಿ. ಮಣ್ಣು ಒಡೆಯಲಿಲ್ಲ. ಚೆನ್ನಾಗಿ ನಾದಿದ ಜೇಡಿ, ಒಂದು ಚೂರೂ ಉದುರಲಿಲ್ಲ. ಅದು ಯಾವತ್ತೂ ಒಡೆಯುವಂಥದ್ದಾಗಿರಲಿಲ್ಲ ಎಂದು ಆ ಕೆಸರಿನಲ್ಲಿ ನಿಂತು ಅವನಿಗೆ ಹೊಳೆಯಿತು. ತಾತ, ಅಪ್ಪ ಹೊತ್ತಾಗಲೂ ಅದು ಬರೀ ಮಣ್ಣೇ ಇದ್ದಿರಬೇಕು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಂಗಯ್ಯ ಅದನ್ನು ಪುಸ್ತಕದಲ್ಲಿ ಬರೆದ. ಹಾಗಾದರೆ ಕಾಲುವೆಯನ್ನಾದರೂ ನಮ್ಮ ದಾರಿ ಎಂದು ಬರೆಯಿರಿ ಎಂದು ಹೊನ್ನಕ್ಕ ದೂರದಿಂದಲೇ ಕೂಗಿದಳು. ನೀರು ಹರಿಯುವುದು ದಾರಿಯಾಗುವುದಿಲ್ಲಮ್ಮ, ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ ಎಂದ ಗಂಗಯ್ಯ. ಕೆಳಗೆ ಬಂದು ಚಲುವಯ್ಯನ ತಲೆಯ ಮೇಲಿನ ಹೆಂಟೆಯನ್ನು ತಾನೇ ಇಳಿಸಿದ. ಊರಿನ ಹಿರಿಯರು ಹೌಹಾರಿದರು. ಕೈಯನ್ನು ಒರೆಸಿಕೊಳ್ಳದೆ ಗಂಗಯ್ಯ ಅವನೊಬ್ಬನಿಗೇ ಕೇಳುವಂತೆ, "ನಮ್ಮಪ್ಪನೂ ಹಿಂಗೇ ಹೇಳ್ತಿದ್ದ" ಎಂದ. ಆಗಲೂ ಚಲುವಯ್ಯನಿಗೆ ಅರ್ಥವಾಗಲಿಲ್ಲ. ಒಂದು ವಾರದ ಮೇಲೆ ಶಾಂತಿಗ್ರಾಮದ ಸಂತೆಯಲ್ಲಿ ಯಾರೋ, ಆ ಸರ್ವೆಯವನು ನಿಮ್ಮವನೇ ಕಣೋ ಎಂದಾಗ ಅರ್ಥವಾಯಿತು. ಅರ್ಥವಾಗಿ ಏನು ಬಂತು?

ಬೇಲಿ ಎದ್ದಿತು. ಕಲ್ಲುಕಂಬ ನೆಡುವ ಗುಂಡಿಗಳನ್ನು ತೋಡಿದ್ದು ಕೇರಿಯ ಗಂಡಸರೇ. ಕೂಲಿ ಬೇರೆ ಎಲ್ಲಿತ್ತು? ನಡುವೆ ಕತ್ತಾಳೆ ಹಚ್ಚಿ, ಜಾಲಿಮುಳ್ಳು ಹೆಣೆದು, ಕಾಲುವೆಯನ್ನೂ ಸೇರಿಸಿಕೊಂಡೇ ಬೇಲಿ ಹಾಕಿದರು. ಆ ವರ್ಷ ಕಣದಲ್ಲಿ ನಂಜಪ್ಪನವರು ಚಲುವಯ್ಯನಿಗೆ ಎರಡು ಮೊರ ರಾಗಿ ಹೆಚ್ಚಿಗೆ ಸುರಿಸಿ, ಎಲ್ಲರೆದುರು ಬೆನ್ನು ತಟ್ಟುವಷ್ಟು ಹತ್ತಿರ ಬಂದು, ತಟ್ಟದೆ ನಿಂತರು. ಅದೇ ದೊಡ್ಡ ಮರ್ಯಾದೆ. ಆ ರಾಗಿಯನ್ನು ಮುದ್ದಮ್ಮ ಬೀಸಲಿಲ್ಲ. ಮೂಲೆಯಲ್ಲಿ ಇಟ್ಟಿದ್ದಕ್ಕೆ ಹುಳ ಹಿಡಿಯಿತು.

ಕೇರಿಯವರು ಚಲುವಯ್ಯನನ್ನು ಬೈಯಲಿಲ್ಲ. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಹೊನ್ನಕ್ಕ ಒಂದೇ ಒಂದು ಸಲ ಅಂದಳು, ಅದೂ ಯಾರಿಗೋ ಹೇಳುವಂತೆ. ಹೆಂಗಸರು ಕೆರೆ ಏರಿ ಸುತ್ತಿಕೊಂಡು ಬಾವಿಗೆ ಹೋಗತೊಡಗಿದರು. ಕೂಲಿಗೆ ಹೊತ್ತಾದರೆ ಮತ್ತೆ ಒರತೆ ನೀರೇ ಗತಿ. ಆ ಬೇಸಿಗೆಯಲ್ಲಿ ಬೈರಯ್ಯನ ಎರಡು ವರ್ಷದ ಮಗಳು ವಾಂತಿಭೇದಿಯಲ್ಲಿ ಸತ್ತಳು. ಮಣ್ಣು ಮಾಡಲು ಗುಂಡಿ ತೋಡಿದ್ದು ಕುಳವಾಡಿಯೇ. ಬೈರಯ್ಯ ಹಾರೆಯನ್ನು ಅವನ ಕೈಗೆ ಕೊಡಲಿಲ್ಲ, ನೆಲದ ಮೇಲೆ ಇಟ್ಟ. ಚಲುವಯ್ಯ ಬಗ್ಗಿ ತೆಗೆದುಕೊಂಡ.

ಮುದ್ದಮ್ಮ ಮಾತು ಕಡಿಮೆ ಮಾಡಿದಳು. ಮಗು ಸತ್ತ ಮೂರನೆಯ ದಿನ ಅವಳು ನಸುಕಿನಲ್ಲಿ ಕೊಡ ತೆಗೆದುಕೊಂಡು ಹೋಗಿ, ಮುಳ್ಳು ಸರಿಸಿ ಬೇಲಿಯೊಳಗೆ ನುಗ್ಗಿದಳು. ಹೋಗುವಾಗ ಯಾರೂ ಕಾಣಲಿಲ್ಲ. ತುಂಬಿದ ಕೊಡ ಹೊತ್ತು ಬದುವಿನ ಮೇಲೆ ವಾಪಸು ಬರುವಾಗ ಇಂಜಿನ್ ನೋಡಲು ಬಂದ ಕೆಂಪಣ್ಣ ಎದುರಾದ. ಅವಳು ಇಳಿಯಲೂ ಇಲ್ಲ, ಓಡಲೂ ಇಲ್ಲ. ಕೆಂಪಣ್ಣ ಅವಳನ್ನು ಹಾಗೇ, ಕೊಡ ಹೊತ್ತ ಹಾಗೇ ನಡೆಸಿಕೊಂಡು ಬಂದು ಅರಳಿಕಟ್ಟೆಯ ಮುಂದೆ ನಿಲ್ಲಿಸಿದ. ಊರು ಸೇರಿತು. ಕೇರಿಯೂ ಬಂದು ದೂರ ನಿಂತಿತು.

ನಂಜಪ್ಪನವರು ಕೋಪ ಮಾಡಲಿಲ್ಲ. ಅವರಿಗೆ ಕೋಪ ಬಂದದ್ದನ್ನು ಕಂಡವರೇ ಇಲ್ಲ. ದಂಡಗಿಂಡ ನನಗೆ ಬೇಡ ಎಂದರು. ಕುಳವಾಡಿ ಮಣ್ಣು ಹೊತ್ತು ಹೇಳಿದ್ದಾನೆ, ಅದರ ಮೇಲೆ ನಾವು ಕಾಲಿಟ್ಟಿಲ್ಲ, ಮುಂದಕ್ಕೂ ಇಡುವುದಿಲ್ಲ ಎಂದು. ಸರ್ಕಾರವೇ ಬರೆದುಕೊಂಡು ಹೋಗಿದೆ. ಅವನ ಮಾತು ಸುಳ್ಳಾಗಬಾರದಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಕೇರಿಯವರು ಮೇಲೆ ಹತ್ತಿದರೆ ಕೊಡ ಒಡೆಯುವುದು ಹಿಂದಿನಿಂದ ಬಂದ ಪದ್ಧತಿ. ಒಡೆಯುವ ಕೈ ಕುಳವಾಡಿಯದು. ಇಷ್ಟು ಹೇಳಿ ಅವರು ಎಲೆಗೆ ಸುಣ್ಣ ಹಚ್ಚಿಕೊಳ್ಳಲು ಕೂತರು.

ಚಲುವಯ್ಯ ಕುಳವಾಡಿ ಕೋಲು ಹಿಡಿದು ಹೆಂಡತಿಯ ಮುಂದೆ ಬಂದು ನಿಂತ. ಕೋಲಿಗೆ ಕಟ್ಟಿದ ಹಿತ್ತಾಳೆ ಬಳೆಗಳು ಸಣ್ಣಗೆ ಸದ್ದು ಮಾಡಿದವು. ಅವಳ ಪಾದ ಕೆಂಪಗಿತ್ತು. ಮುಳ್ಳು ಗೀರಿ ಮೀನಖಂಡದಲ್ಲಿ ರಕ್ತ ಒಣಗಿತ್ತು.

"ಇಳುಸ್ಬುಡು ಮುದ್ದಿ" ಎಂದು ಪಿಸುಗುಟ್ಟಿದ. "ಕೆಳಗಿಕ್ಕು. ನೆಲದ ಮ್ಯಾಲೆ ಒಡೆದ್ಬುಡ್ತೀನಿ."

ಅವಳು ಇಳಿಸಲಿಲ್ಲ. ಎರಡು ಕೈಯಲ್ಲಿ ಕೊಡವನ್ನು ತಲೆಯ ಮೇಲೆ ಹಿಡಿದುಕೊಂಡು, ಅವನು ಆ ದಿನ ಮಣ್ಣು ಹಿಡಿದು ನಿಂತಿದ್ದಂತೆಯೇ ನಿಂತಳು. ಅವನು ಇನ್ನೊಮ್ಮೆ ಕೇಳಿಕೊಂಡ. ಮತ್ತೊಮ್ಮೆ ಕೇಳಿಕೊಂಡ. ಹೊತ್ತೇರುತ್ತದೆ ಎಂದು ನಂಜಪ್ಪನವರು ಕಟ್ಟೆಯ ಮೇಲಿನಿಂದ ಹೇಳಿದರು. ಅವನು ಕೋಲು ಎತ್ತಿದ.

ಮಣ್ಣಿನ ಕೊಡ ಒಂದೇ ಏಟಿಗೆ ಒಡೆಯಿತು. ನೀರು ಅವಳ ಮುಖದ ಮೇಲೆ, ಎದೆಯ ಮೇಲೆ ಇಳಿದು ಸೀರೆ ಮೈಗೆ ಅಂಟಿಕೊಂಡಿತು. ಒಡೆದ ಕೊಡದ ಚೂರೊಂದು ಕಿವಿಯನ್ನು ಸೀಳಿತು. ಊರಿನ ಹುಡುಗರು ನಕ್ಕರು. ಕೊಡದ ಬಾಯಿ ಮಾತ್ರ ಅವಳ ಕೈಯಲ್ಲಿ ಉಳಿದಿತ್ತು. ಅದನ್ನು ಅವಳು ಗಂಡನ ಕಾಲ ಬಳಿ ಇಟ್ಟಳು.

"ನಿನ್ನ ತಲೆ ಮ್ಯಾಲಿಂದು ಒಡೀನಿಲ್ಲ" ಎಂದಳು. "ನನ್ನ ತಲೆ ಮ್ಯಾಲಿಂದ ನೀನೇ ಒಡೆದೆ."

ಅದು ಅವಳು ಅವನೊಂದಿಗೆ ಆಡಿದ ಕೊನೆಯ ಮಾತು. ಆಮೇಲೆ ಅವಳು ಬದುಕಿರಲಿಲ್ಲ ಎಂದಲ್ಲ, ಒಂಬತ್ತು ವರ್ಷ ಬದುಕಿದ್ದಳು. ಹಿಟ್ಟು ಬೇಯಿಸಿ ಅವನ ಮುಂದೆ ಇಡುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಮಾರನೆಯ ಬೆಳಗ್ಗೆ ಚಲುವಯ್ಯ ಎದ್ದಾಗ ಹೆಂಡತಿ ಗುಡಿಸಲಲ್ಲಿರಲಿಲ್ಲ, ಉಳಿದಿದ್ದ ಇನ್ನೊಂದು ಕೊಡವೂ ಇರಲಿಲ್ಲ. ಎಲ್ಲಿ ಹೋದಳೋ, ಮತ್ತೆ ಬೇಲಿ ನುಗ್ಗಿದಳೋ ಎಂದು ಹೆದರಿದ. ಮನೆಯಲ್ಲಿದ್ದ ಹಳೆಯ ಗಡಿಗೆಯೊಂದನ್ನು ಎತ್ತಿಕೊಂಡು ಹೊರಟ. ಇನ್ನು ಮೇಲೆ ನೀರು ತಾನೇ ತರುತ್ತೇನೆ, ಗಂಡಸು ನೀರು ಹೊತ್ತ ಎಂದು ಯಾರು ನಕ್ಕರೂ ಸರಿಯೇ ಎಂದುಕೊಂಡ. ಬೇಲಿಯ ಹತ್ತಿರ ಯಾರೂ ಇರಲಿಲ್ಲ. ಕೆರೆ ಏರಿಯ ಕಡೆ ತಿರುಗಿದ.

ಏರಿಯ ಮೇಲೆ ಆಗಲೇ ಒಂದು ಸಣ್ಣ ದಾರಿ ಮೂಡಿತ್ತು. ಹೆಂಗಸರು ಎರಡು ತಿಂಗಳು ನಡೆದದ್ದಕ್ಕೆ ಹುಲ್ಲು ಸತ್ತು, ಒಂದು ಪಾದದಷ್ಟು ಅಗಲ ನೆಲ ಬಿಳಿಚಿಕೊಂಡಿತ್ತು. ಅದು ಅವರದೇ ಕಾಲು ಮಾಡಿದ ದಾರಿ. ಊರಿನ ಒಬ್ಬನೂ ಅಲ್ಲಿ ನಡೆಯುತ್ತಿರಲಿಲ್ಲ, ಆದ್ದರಿಂದ ಯಾರೂ ಇಳಿಯಬೇಕಾಗಿರಲಿಲ್ಲ. ಆ ತುದಿಯಿಂದ ಹೆಂಗಸರು ತುಂಬಿದ ಕೊಡ ಹೊತ್ತು ಸಾಲಾಗಿ ಬರುತ್ತಿದ್ದರು. ಮುಂದೆ ಹೊನ್ನಕ್ಕ, ಹಿಂದೆ ಏಳೆಂಟು ಜನ. ಚಲುವಯ್ಯನಿಗೆ ಜೀವ ಬಂದಂತಾಯಿತು. ಪಕ್ಕಕ್ಕೆ ಸರಿದು ದಾರಿ ಬಿಡೋಣವೆಂದು ಒಂದು ಹೆಜ್ಜೆ ತೆಗೆದ.

ಅಷ್ಟರಲ್ಲಿ ಹೊನ್ನಕ್ಕ ನಿಂತಳು. ಅವನನ್ನು ನೋಡಿದಳು. ಆಮೇಲೆ ಹಿಂದೆ ತಿರುಗಿ ಎಲ್ಲರಿಗೂ ಕೇಳುವಂತೆ, ಗಟ್ಟಿಯಾಗಿ ಹೇಳಿದಳು.

"ಬುದ್ದಿಯೋರು ಬತ್ತಾವ್ರೆ. ಕೆಳಗಿಳೀರವ್ವಾ, ದಾರಿ ಬುಡಿ."

ಹೆಂಗಸರು ಒಬ್ಬೊಬ್ಬರಾಗಿ ಏರಿಯ ಕೆಳಗೆ, ಕಲ್ಲುಮುಳ್ಳಿನ ಇಳಿಜಾರಿಗೆ ಇಳಿದರು. ತುಂಬಿದ ಕೊಡದೊಂದಿಗೆ ಇಳಿಯುವುದು ಸುಲಭವಲ್ಲ. ಒಬ್ಬಳು ಜಾರಿ ಮೊಳಕಾಲೂರಿದಳು, ಅರ್ಧ ಕೊಡ ನೀರು ಚೆಲ್ಲಿತು, ಎದ್ದು ನಿಂತಳು. ನಂಜಪ್ಪನವರು ಬಂದಾಗ ಮಾಡುವಂತೆಯೇ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ತಲೆ ತಗ್ಗಿಸಿ ಸಾಲಾಗಿ ನಿಂತರು. ಬ್ಯಾಡಿ ಕಣ್ರವ್ವಾ, ಮ್ಯಾಕೆ ಬನ್ನಿ, ನಾನು ಚಲುವ ಕಣ್ರೋ ಎಂದು ಅವನು ಕೈಮುಗಿದ. ಯಾರೂ ಮುಖ ಎತ್ತಲಿಲ್ಲ. ತಾನೇ ಅವರ ಕಡೆ ಇಳಿಯಲು ಹೋದ. ಅವರೆಲ್ಲ ಮೈಲಿಗೆಗೆ ಹೆದರಿದವರಂತೆ ಇನ್ನೆರಡು ಮಾರು ಕೆಳಕ್ಕೆ ಸರಿದರು. ಇನ್ನೂ ಇಳಿದರೆ ಅವರು ನೀರಿಗೇ ಇಳಿಯಬೇಕಾಗುತ್ತಿತ್ತು.

ಅವನು ಮೇಲೆಯೇ ನಡೆಯಬೇಕಾಯಿತು. ಸಾಲಿನ ಕೊನೆಯಲ್ಲಿ ನಿಂತವಳ ಕಿವಿಗೆ ಸೀರೆಯ ಚೂರು ಕಟ್ಟಿತ್ತು, ಪಾದ ಬಿಳಿ ದೂಳಿನಲ್ಲಿ ಮುಚ್ಚಿಹೋಗಿತ್ತು. ಚಲುವಯ್ಯ ಅವಳ ಮುಂದೆ ನಿಂತ. ಮುದ್ದಮ್ಮ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು, ಅವನು ದಾಟಿ ಹೋಗುವುದನ್ನೇ ಕಾಯುತ್ತ ನಿಂತಳು.